ಒತ್ತಕ್ಷರ ನುಂಗುವ ಗೋಡೆ

ವಿಡಿಯೋ ವಾಲ್ ಅಂದರೆ ಒಂದು ದೊಡ್ಡ ಟೀವಿ ಎಂದು ಬಹಳ ಜನ ತಿಳಿದಿದ್ದಾರೆ. ಹತ್ತಿರ ಹೋಗಿ ನೋಡಿದರೆ ಅದು ದೊಡ್ಡ ಟೀವಿಯಲ್ಲ, ಮೈಗೆ ಮೈ ಹಚ್ಚಿ ನಿಂತ ಹಲವು ಟೀವಿಗಳು. ಮತ ಎಣಿಕೆಯ ದಿನ ನ್ಯೂಸ್ ಚಾನೆಲ್ ನಿರೂಪಕರ ಬೆನ್ನ ಹಿಂದೆ, ಮಾಲ್‌ಗಳ ಬಾಗಿಲಲ್ಲಿ, ವಿಮಾನ ನಿಲ್ದಾಣದಲ್ಲಿ ನೀವು ಇವನ್ನು ನೋಡಿಯೇ ಇರುತ್ತೀರಿ. ಈಗೀಗ ಎಲ್‌ಇಡಿ ಹಲಗೆಗಳನ್ನು ಜೋಡಿಸಿ ಸಂದೇ ಕಾಣದಂತೆ ಮಾಡುವ ಗೋಡೆಗಳು ಬಂದಿವೆ. ಆದರೆ ನಾನು ಕೆಲಸ ಮಾಡಿದ ಕಂಟ್ರೋಲ್ ರೂಮುಗಳಲ್ಲಿ ಇರುವುದು ಎಲ್‌ಸಿಡಿ ಪ್ಯಾನೆಲ್‌ಗಳೇ, ಮತ್ತು ಅವುಗಳ ನಡುವೆ ಸಂದು ಇದ್ದೇ ಇರುತ್ತದೆ. ಈ ಪ್ಯಾನೆಲ್‌ಗಳನ್ನು ಗೋಡೆಯಾಗಿ ನಿಲ್ಲಿಸಿ, ನೀವೆಲ್ಲ ಸೇರಿ ಒಂದೇ ಪರದೆ ಎಂದು ಅವಕ್ಕೆ ನಂಬಿಸುವುದು ನನ್ನ ಹೊಟ್ಟೆಪಾಡು.

ಸಂದಿನ ಲೆಕ್ಕ ಹೀಗೆ. ಐವತ್ತೈದು ಇಂಚಿನ ಪ್ಯಾನೆಲ್‌ನಲ್ಲಿ ಚಿತ್ರ ಮೂಡುವ ಜಾಗದ ಅಗಲ ಸುಮಾರು 1210 ಮಿಲಿಮೀಟರ್. ಅದರಲ್ಲಿ ಅಡ್ಡಕ್ಕೆ 1920 ಪಿಕ್ಸೆಲ್. ಅಂದರೆ ಒಂದು ಪಿಕ್ಸೆಲ್ಲಿಗೆ 0.63 ಮಿಲಿಮೀಟರ್. ಎರಡು ಪ್ಯಾನೆಲ್ ಅಕ್ಕಪಕ್ಕ ಇಟ್ಟಾಗ ನಡುವಿನ ಕಪ್ಪು ಅಂಚು, ನಾವು ಬೆಜೆಲ್ ಅನ್ನುವುದು, 3.5 ಮಿಲಿಮೀಟರ್ ಎಂದು ಕಂಪನಿಯ ಕಾಗದ ಹೇಳುತ್ತದೆ. ಆದರೆ ಪ್ಯಾನೆಲ್ ಬಿಸಿಯಾದಾಗ ಹಿಗ್ಗುತ್ತದೆ, ಅದಕ್ಕೆಂದು ಕೂದಲೆಳೆಯಷ್ಟು ಜಾಗ ಬಿಡಲೇಬೇಕು. ಹಾಗಾಗಿ ಸ್ಕೇಲು ಹಿಡಿದು ಅಳೆದರೆ ಹತ್ತಿರ ಹತ್ತಿರ 4 ಸಿಗುತ್ತದೆ. ನಾಲ್ಕನ್ನು 0.63ರಿಂದ ಭಾಗಿಸಿದರೆ ಆರು. ಪ್ರತಿ ಸಂದಿನಲ್ಲೂ ಆರು ಪಿಕ್ಸೆಲ್ಲಿನಷ್ಟು ಜಾಗದಲ್ಲಿ ಬೆಳಕಿಲ್ಲ.

ಆ ಆರು ಪಿಕ್ಸೆಲ್‌ಗಳನ್ನು ಏನು ಮಾಡಬೇಕು ಎನ್ನುವುದಕ್ಕೆ ಎರಡೇ ಉತ್ತರ. ಮನೆಯ ಕಿಟಕಿಯಿಂದ ಹೊರಗಿನ ತೆಂಗಿನಮರ ನೋಡುವುದನ್ನು ನೆನಪಿಸಿಕೊಳ್ಳಿ. ಸರಳಿನ ಹಿಂದೆ ಮರದ ಒಂದು ಸೀಳು ಮರೆಯಾಗಿರುತ್ತದೆ, ಆದರೆ ಮರ ಮುರಿದಂತೆ ಕಾಣುವುದಿಲ್ಲ. ಸರಳಿನ ಆಚೆ ಈಚೆ ಅದು ನೆಟ್ಟಗೆ ಸಾಗುತ್ತದೆ. ವಿಡಿಯೋ ವಾಲ್‌ನಲ್ಲೂ ಹೀಗೆ ಮಾಡಬಹುದು. ಸಂದಿನ ಹಿಂದೆ ಚಿತ್ರ ಇದೆ ಎಂದು ಭಾವಿಸಿ, ಆ ಆರು ಪಿಕ್ಸೆಲ್ಲಿನಷ್ಟು ಚಿತ್ರವನ್ನು ಎಸೆದುಬಿಡುವುದು. ಇದಕ್ಕೆ ಬೆಜೆಲ್ ಕಾಂಪೆನ್ಸೇಶನ್ ಎನ್ನುತ್ತಾರೆ. ಇನ್ನೊಂದು ದಾರಿಯಲ್ಲಿ ಏನನ್ನೂ ಎಸೆಯುವುದಿಲ್ಲ. ಚಿತ್ರವನ್ನು ಕತ್ತರಿಸಿ ಎರಡು ಪಕ್ಕಕ್ಕೆ ಸರಿಸುತ್ತೇವೆ, ನಡುವೆ ಕಪ್ಪು ಪಟ್ಟಿ. ಆಗ ಒಂದು ಚುಕ್ಕೆಯೂ ಕಳೆಯುವುದಿಲ್ಲ, ಆದರೆ ಓರೆಯಾಗಿ ಸಾಗುವ ಯಾವುದೇ ಗೆರೆ ಪ್ರತಿ ಸಂದಿನಲ್ಲೂ ಮೆಟ್ಟಿಲಿನಂತೆ ಜಿಗಿಯುತ್ತದೆ.

ಕಣ್ಣಿಗೆ ಮೆಟ್ಟಿಲು ಬೇಗ ಚುಚ್ಚುತ್ತದೆ, ಕಳೆದುಹೋದದ್ದು ಕಾಣುವುದೇ ಇಲ್ಲ. ಆದ್ದರಿಂದ ಎಲ್ಲರೂ ಮೊದಲನೆಯದನ್ನೇ ಕೇಳುತ್ತಾರೆ. ಮೂರು ಸಾಲು, ಸಾಲಿಗೆ ಮೂರು, ಒಟ್ಟು ಒಂಬತ್ತು ಪ್ಯಾನೆಲ್‌ಗಳ ಗೋಡೆಯಲ್ಲಿ ಹೀಗೆ ಎಸೆಯುವ ಪಿಕ್ಸೆಲ್‌ಗಳನ್ನು ಕೂಡಿದರೆ 1,08,144 ಆಗುತ್ತದೆ. ಇಡೀ ಚಿತ್ರದಲ್ಲಿ ಇದು ನೂರಕ್ಕೆ ಒಂದೂ ಅಲ್ಲ, ಅರ್ಧಕ್ಕಿಂತ ಒಂಚೂರು ಹೆಚ್ಚು. ಸೀರೆ ಅಂಗಡಿಯ ಜಾಹೀರಾತಿನಲ್ಲಿ ರೂಪದರ್ಶಿಯ ಸೆರಗಿನಿಂದ ಆರು ಪಿಕ್ಸೆಲ್ ಹೋದರೆ ಯಾರಿಗೇನು? ಯಾರೂ ಕೇಳಿದ್ದಿಲ್ಲ.

ಕೇಳಿದ್ದು ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ. ಊರ ಹೆಸರು ಬೇಡ. ಹೊಳೆ ದಂಡೆಯ ಜಿಲ್ಲೆ. ಮುಂಗಾರಿಗೆ ಮೊದಲು ಮಳೆ ಮತ್ತು ಪ್ರವಾಹ ನೋಡುವ ಕಂಟ್ರೋಲ್ ರೂಮಿಗೆ ಒಂಬತ್ತು ಪ್ಯಾನೆಲ್‌ಗಳ ಗೋಡೆ ಬೇಕಿತ್ತು. ಒಂದು ಕಡೆ ಜಿಲ್ಲೆಯ ನಕ್ಷೆ, ಹೊಳೆ, ಹಳ್ಳಿಗಳು. ಅದರ ಮೇಲೆ ತಾಲ್ಲೂಕುವಾರು ಮಳೆಯ ಅಂಕಿ, ಅಣೆಕಟ್ಟಿನಿಂದ ಬಿಟ್ಟ ನೀರಿನ ಲೆಕ್ಕ. ರಾತ್ರಿಯಿಡೀ ಒಬ್ಬರು ಅದನ್ನು ನೋಡುತ್ತ ಕೂತು, ನೀರು ಏರುವಂತಿದ್ದರೆ ಆಯಾ ಊರಿನ ತಲಾಟಿಗೆ, ಪಂಚಾಯ್ತಿಗೆ ಫೋನು ಮಾಡಬೇಕು. (ಹುದ್ದೆಯ ಹೆಸರು ಎಷ್ಟು ಬದಲಾದರೂ ಆ ಕಡೆಯವರ ಬಾಯಲ್ಲಿ ಅವರು ಇನ್ನೂ ತಲಾಟಿಯೇ.)

ನಿಲ್ಲಿಸುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ಕಟ್ಟಡದ ಗೋಡೆ ನೆಟ್ಟಗಿರಲಿಲ್ಲ, ರಸಮಟ್ಟ ಇಟ್ಟರೆ ಗುಳ್ಳೆ ಒಂದು ಮೂಲೆಗೇ ಓಡುತ್ತಿತ್ತು. ಅದಕ್ಕೆ ನೆಲದ ಮೇಲೆಯೇ ಕಬ್ಬಿಣದ ಚೌಕಟ್ಟು ನಿಲ್ಲಿಸಿದೆವು. ಕೆಳಗಿನ ಸಾಲು ಮೊದಲು, ಆಮೇಲೆ ಮೇಲಿನದು. ಅಂಚು ತೆಳುವಾದಷ್ಟೂ ಪ್ಯಾನೆಲ್ ನಾಜೂಕು, ಮೂಲೆ ಎಲ್ಲಿಗಾದರೂ ತಾಗಿದರೆ ಅದರ ಕತೆ ಮುಗಿಯಿತು. ಮೊದಲ ಸಲ ಚಾಲೂ ಮಾಡಿದಾಗ ರಿಮೋಟ್ ಒತ್ತಿದರೆ ಒಂಬತ್ತೂ ಒಟ್ಟಿಗೆ ಮೆನು ತೆಗೆದು ನಿಲ್ಲುತ್ತವೆ, ಶಾಲೆಯಲ್ಲಿ ಹಾಜರಿ ಕರೆದಾಗ ಎಲ್ಲ ಮಕ್ಕಳೂ ಎಸ್ ಸರ್ ಅಂದ ಹಾಗೆ. ಪ್ರತಿಯೊಂದಕ್ಕೂ ಒಂದು ನಂಬರು ಕೊಟ್ಟು, ನೀನು ಎರಡನೇ ಸಾಲಿನ ಮೂರನೆಯವನು, ಚಿತ್ರದ ಇಷ್ಟು ಭಾಗ ಮಾತ್ರ ನಿನ್ನದು ಎಂದು ಹೇಳಿಕೊಡಬೇಕು. ಅಲ್ಲಿಯವರೆಗೆ ಮುಖ್ಯಮಂತ್ರಿಗಳ ಭಾವಚಿತ್ರ ಹಾಕಿ ಪರೀಕ್ಷಿಸುವ ಸಾಹಸ ಯಾರೂ ಮಾಡಬಾರದು. ಗದ್ದ ಹಣೆಯ ಮೇಲೆ ಬಂದು ಕೂರುತ್ತದೆ.

ಬಣ್ಣದ್ದು ಮಾತ್ರ ಬಿಟ್ಟು ಹೋಗುವ ಮಾತಲ್ಲ. ಒಂದೇ ಕಾರ್ಖಾನೆಯಲ್ಲಿ, ಒಂದೇ ವಾರ ತಯಾರಾದ ಒಂಬತ್ತು ಪ್ಯಾನೆಲ್‌ಗಳೂ ಒಂದೇ ಬಿಳಿಯನ್ನು ತೋರಿಸುವುದಿಲ್ಲ. ಒಂದರ ಬಿಳಿ ಹಾಲಿನಂತಿದ್ದರೆ ಪಕ್ಕದ್ದು ಮಜ್ಜಿಗೆ. ಬೇರೆ ಬೇರೆ ಕೋಣೆಯಲ್ಲಿದ್ದರೆ ಯಾರಿಗೂ ಗೊತ್ತಾಗದು, ಪಕ್ಕ ಪಕ್ಕ ನಿಂತ ತಕ್ಷಣ ಗೊತ್ತಾಗುತ್ತದೆ. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಬಣ್ಣ ಅಳೆಯುವ ಯಂತ್ರವನ್ನು ಒಂದೊಂದಕ್ಕೂ ಹಿಡಿದು ಹೊಂದಿಸುತ್ತೇವೆ. ಇಲ್ಲಿರುವ ನಿಯಮ ಒಂದೇ, ಎಲ್ಲಕ್ಕಿಂತ ಮಂಕಾದ ಪ್ಯಾನೆಲ್ ಯಾವುದೋ ಅದರ ಮಟ್ಟಕ್ಕೆ ಉಳಿದ ಎಂಟನ್ನೂ ಇಳಿಸಬೇಕು. ಮಂಕಾದದ್ದನ್ನು ಮೇಲೆತ್ತಲು ಅದರಲ್ಲಿ ಬೆಳಕೇ ಇರುವುದಿಲ್ಲ. ಮುಂದೆಂದೋ ಒಂದು ಪ್ಯಾನೆಲ್ ಕೆಟ್ಟು ಹೊಸದು ತಂದರೆ, ಅದನ್ನು ಕೆಟ್ಟದ್ದರ ಜಾಗದಲ್ಲಿ ಹಾಕದೆ ಮೂಲೆಗೆ ಹಾಕುವುದು ನಮ್ಮಲ್ಲಿ ರೂಢಿ. ಮೂಲೆಯವನಿಗೆ ಎರಡೇ ಪಕ್ಕ ನೆರೆಯವರು, ವ್ಯತ್ಯಾಸ ಎದ್ದು ಕಾಣುವ ಸಂದುಗಳೂ ಎರಡೇ. ಅಲಂಕಾರದ ಗೋಡೆಯಲ್ಲಿ ಇದು ಚೆಂದದ ಪ್ರಶ್ನೆ. ಈ ಗೋಡೆಯಲ್ಲಿ ಕಿತ್ತಳೆ ಬಣ್ಣವೆಂದರೆ ಎಚ್ಚರ, ಕೆಂಪೆಂದರೆ ಅಪಾಯ. ಎಡಗಡೆಯ ಪ್ಯಾನೆಲ್ಲಿನ ಕೆಂಪು ಬಲಗಡೆಯದರಲ್ಲಿ ಕಿತ್ತಳೆಯಾದರೆ ಒಂದು ತಾಲ್ಲೂಕು ಸುಮ್ಮನೆ ಸುರಕ್ಷಿತವಾಗಿಬಿಡುತ್ತದೆ. ಆ ಎರಡು ಬಣ್ಣಗಳಿಗಾಗಿ ನಾನು ಒಂದು ಇಡೀ ಸಂಜೆ ಕಳೆದೆ.

ಮರುದಿನ ನಕ್ಷೆ ಹಾಕಿದೆವು. ಟೆಂಡರ್ ಕಾಗದದಲ್ಲಿ ಬೆಜೆಲ್ ಕಾಂಪೆನ್ಸೇಶನ್ ಕಡ್ಡಾಯ ಎಂದೇ ಬರೆದಿತ್ತು, ಅದರಂತೆ ಆರು ಪಿಕ್ಸೆಲ್ ಕೊಟ್ಟಿದ್ದೆವು. ಹೊಳೆ ಮೇಲಿನ ಎಡ ಮೂಲೆಯಿಂದ ಇಳಿದು, ಎಲ್ಲೂ ಮುರಿಯದೆ, ಒಂಬತ್ತು ಪ್ಯಾನೆಲ್‌ಗಳ ನಡುವೆ ಒಂದೇ ಹೊಳೆಯಾಗಿ ಹರಿಯಿತು. ಸಾಹೇಬರು ಬಂದು ದೂರ ನಿಂತು ನೋಡಿ ತಲೆದೂಗಿದರು. ನನಗೂ ಖುಷಿಯೇ. ಇನ್ನೊಂದು ವಾರ ಪರೀಕ್ಷೆಗೆ ಓಡಿಸುವುದು, ಆಮೇಲೆ ಉದ್ಘಾಟನೆ ಎಂದು ನಿಗದಿಯಾಗಿತ್ತು.

ರಾತ್ರಿ ಪಾಳಿಗೆ ಗುತ್ತಿಗೆ ಮೇಲೆ ಇದ್ದ ಆಪರೇಟರ್ ಒಬ್ಬರು ಅವತ್ತು ಸಂಜೆ ಬೇಗ ಬಂದು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಗೋಡೆಯ ಬಗ್ಗೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕರೆದರು.

"ಸರ, ಇದನ್ನ ನೂರಾ ಇಪ್ಪತ್ತೈದ್ ಅಂತ ಓದಬೇಕೇನ್ರಿ, ಹನ್ನೆರಡೂವರಿ ಅಂತ ಓದಬೇಕೇನ್ರಿ?"

ಹೋಗಿ ನೋಡಿದೆ. ಹಿಂದಿನ ವರ್ಷದ ಮಳೆಯ ಅಂಕಿಗಳನ್ನು ಪರೀಕ್ಷೆಗೆಂದು ತುಂಬಿದ್ದರು. ಕೋಷ್ಟಕ ಎರಡು ಪ್ಯಾನೆಲ್‌ಗಳ ಮೇಲೆ ಹಾದು ಕೂತಿತ್ತು. ಅಂಕಿಗಳನ್ನು ಬಲಕ್ಕೆ ಜೋಡಿಸಿ ಬರೆದಾಗ ದಶಮಾಂಶದ ಚುಕ್ಕೆಗಳೆಲ್ಲ ಒಂದರ ಕೆಳಗೊಂದು, ಒಂದೇ ನೇರಕ್ಕೆ ಬರುತ್ತವಲ್ಲ, ಆ ನೇರ ಸರಿಯಾಗಿ ಸಂದಿನ ಮೇಲೆ ಬಿದ್ದಿತ್ತು. ಆ ಅಳತೆಯ ಅಕ್ಷರದಲ್ಲಿ ಚುಕ್ಕೆ ಮೂರು ಪಿಕ್ಸೆಲ್ಲು. ಆರರಲ್ಲಿ ಮೂರು ಸಲೀಸಾಗಿ ಅಡಗುತ್ತದೆ. 12.5 ಹೋಗಿ 125 ಆಗಿತ್ತು, 31.2 ಹೋಗಿ 312. ನಡುವಿನ ಕಪ್ಪು ಗೆರೆಯನ್ನು ಕಣ್ಣು ಸಂದು ಎಂದೇ ತಿಳಿಯುತ್ತದೆ, ಅಲ್ಲೊಂದು ಚುಕ್ಕೆ ಇತ್ತು ಎಂದು ತಿಳಿಯುವುದಿಲ್ಲ.

"ಮಳಿನ ಬೀಳದ ಊರಿಗೂ ಎರಡೆರಡ ಸೊನ್ನಿ ಬಂದಾವ್ರಿ, ಅದಕ್ಕ ಸಂಶೆ ಬಂತು" ಅಂದರು. 0.0 ಎಂಬುದು 00 ಆಗಿ ಕೂತಿತ್ತು. ಅದೊಂದೇ ಸುಳಿವು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6ರಿಂದ ಮೇಲೆ ಅತಿ ಭಾರೀ. ಹನ್ನೆರಡೂವರೆ ಅಂದರೆ ಹೊಲದವರು ಇನ್ನೊಂದಿಷ್ಟು ಬರಲಿ ಎನ್ನುವ ಮಳೆ. ನೂರಾ ಇಪ್ಪತ್ತೈದು ಅಂದರೆ ಹಳ್ಳದ ದಂಡೆಯವರನ್ನು ಎಬ್ಬಿಸಬೇಕಾದ ಮಳೆ. ಇಡೀ ಕೋಷ್ಟಕವೇ ಹತ್ತು ಪಟ್ಟಾದರೆ ಹಗಲಲ್ಲಿ ಯಾರಿಗಾದರೂ ಗುಮಾನಿ ಬರುತ್ತದೆ ಎಂದು ನಾನು ಹೇಳಿದೆ. ಅವರು ನಕ್ಕರು. "ರಾತ್ರಿ ಎರಡಕ್ಕ ಕಣ್ಣ ಎಳೀತಿರ್ತಾವ್ರಿ. ಆವಾಗ ಇಲ್ಲೊಂದ್ ಚುಕ್ಕಿ ಇರಬೇಕಿತ್ತು ಅಂತ ಯಾರಿಗ್ ನೆನಪಾಗತೈತಿ?"

ಆಮೇಲೆ ನಾವಿಬ್ಬರೂ, ನನ್ನ ಜೊತೆಗೆ ಬಂದಿದ್ದ ಮಂಡ್ಯದ ಹುಡುಗನೂ ಸೇರಿ, ಗೋಡೆಯನ್ನು ಸಂದು ಸಂದಾಗಿ ಓದಲು ಶುರುಮಾಡಿದೆವು. ನಿಂತ ಸಂದುಗಳು ಚುಕ್ಕೆ ತಿಂದರೆ ಮಲಗಿದ ಸಂದುಗಳು ಒತ್ತಕ್ಷರ ತಿನ್ನುತ್ತಿದ್ದವು. ಇದು ನನಗೆ ಹೊಳೆದೇ ಇರಲಿಲ್ಲ, ಏಕೆಂದರೆ ನಾನು ಓದಿದ ಕೈಪಿಡಿಗಳೆಲ್ಲ ಇಂಗ್ಲಿಷಿನವು. ಇಂಗ್ಲಿಷ್ ಅಕ್ಷರಗಳು ಬಹುಪಾಲು ಒಂದು ಗೆರೆಯ ಮೇಲೆ ಕೂರುತ್ತವೆ, ನಾಲ್ಕೈದು ಮಾತ್ರ ಬಾಲ ಇಳಿಬಿಡುತ್ತವೆ. ಕನ್ನಡದ್ದು ಎರಡಂತಸ್ತಿನ ಮನೆ. ಅರ್ಥದ ಅರ್ಧ ಭಾರ ಕೆಳಗಿನ ಅಂತಸ್ತಿನಲ್ಲಿರುತ್ತದೆ. ನಕ್ಷೆಯ ಮೇಲಿನ ಸಣ್ಣ ಅಕ್ಷರದಲ್ಲಿ ಒತ್ತಿನ ಎತ್ತರ ಐದಾರು ಪಿಕ್ಸೆಲ್. ಅಳತೆ ಕೊಟ್ಟು ಹೊಲಿಸಿದ ಹಾಗೆ ಸಂದಿಗೆ ಸರಿಹೋಗುತ್ತಿತ್ತು.

ಸಂದಿನ ಮೇಲೆ ಬಿದ್ದ ಹಳ್ಳಿಗಳೆಲ್ಲ ಹಳಿಗಳಾಗಿದ್ದವು. ಹಟ್ಟಿಗಳು ಹಟಿಯಾಗಿದ್ದವು. ಮಂಡ್ಯದ ಹುಡುಗನಿಗೆ ಇದು ಆಟವಾಗಿಬಿಟ್ಟಿತು. "ಅಕ್ಕಾ, ಬಳ್ಳಿ ಬಳಿ ಆಗುತ್ತೆ, ಮಲ್ಲೆ ಮಲೆ ಆಗುತ್ತೆ, ಕತ್ತೆ ಕತೆ ಆಗುತ್ತೆ!" ಎಂದು ಕುಣಿದ. ಅವರೂ ನಕ್ಕರು. ಕತೆ ಬರೆಯುವವರಿಗೆ ಈ ಗೋಡೆಯಿಂದ ಉಪಕಾರವಾದರೂ ಆದೀತು ಎಂದುಕೊಂಡೆ. ಆದರೆ ನಕ್ಷೆಯ ಅಳತೆ ನೋಡಿದಾಗ ನಗು ನಿಂತಿತು. ನೂರು ಕಿಲೋಮೀಟರ್ ಅಗಲದ ನೆಲವನ್ನು ಮೂರು ಪ್ಯಾನೆಲ್‌ಗಳ ಉದ್ದಕ್ಕೆ ಹರಡಿದರೆ ಒಂದು ಪಿಕ್ಸೆಲ್ಲಿಗೆ ಹದಿನೇಳು ಮೀಟರ್ ಬರುತ್ತದೆ. ಆರು ಪಿಕ್ಸೆಲ್ಲಿಗೆ ನೂರು ಮೀಟರ್. ಅಂದರೆ ಜಿಲ್ಲೆಯ ಈ ತುದಿಯಿಂದ ಆ ತುದಿಗೆ, ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು, ನೂರು ಮೀಟರ್ ಅಗಲದ ನಾಲ್ಕು ಪಟ್ಟಿ ನೆಲ ಗೋಡೆಯ ಮೇಲೆ ಇಲ್ಲವೇ ಇಲ್ಲ. ಅದರೊಳಗೆ ಒಂದು ಸೇತುವೆಯೋ ದೇವಸ್ಥಾನದ ಮುಂದಿನ ಹತ್ತು ಮನೆಯೋ ಇರಬಹುದು. ಹೊಳೆ ಎಲ್ಲೂ ಮುರಿಯದೆ ಅಷ್ಟು ಚೆಂದ ಹರಿದದ್ದು ಈ ಪಟ್ಟಿಗಳನ್ನು ಎಸೆದದ್ದರಿಂದಲೇ.

ನಕ್ಷೆಯ ತಂತ್ರಾಂಶ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಸುಲಭದ ದಾರಿ ಹೇಳಿದರು, ಊರ ಹೆಸರುಗಳನ್ನು ಇಂಗ್ಲಿಷಿನಲ್ಲೇ ಹಾಕೋಣ, ಒತ್ತಿನ ರಗಳೆಯೇ ಇರುವುದಿಲ್ಲ. ಅವರ ಮಾತು ಬರೀ ಸೋಮಾರಿತನವಲ್ಲ. ಕನ್ನಡವನ್ನು ಸರಿಯಾಗಿ ಕೂಡಿಸಲು ಬಾರದ ತಂತ್ರಾಂಶಗಳು ಹಳ್ಳಿಯನ್ನು ಹಳ್‌ಳಿ ಎಂದು ಬಿಡಿಬಿಡಿಯಾಗಿ ತೋರಿಸುವುದನ್ನು ನಾವೆಲ್ಲ ನೋಡಿದ್ದೇವೆ. ಅವರು ಅದರೊಡನೆ ತಿಂಗಳುಗಟ್ಟಲೆ ಗುದ್ದಾಡಿ ಗೆದ್ದು ಬಂದವರು. ಆದರೆ ಆಪರೇಟರ್ ಒಪ್ಪಲಿಲ್ಲ.

"ಇಂಗ್ಲಿಷ್‌ದಾಗ ಹಟ್ಟಿ ಬರದ್ರೂ ಅಷ್ಟ, ಹತ್ತಿ ಬರದ್ರೂ ಅಷ್ಟ ಆಗತೈತ್ರಿ. ಫೋನಿನಾಗ ನಾ ಒಂದ್ ಹೇಳೂದು, ಆ ಕಡಿಯವರು ಒಂದ್ ಕೇಳೂದು. ಕನ್ನಡನ ಇರ್ಲಿ ಸರ."

ನಮ್ಮ ಊರ ಹೆಸರುಗಳು ಮೊದಲೇ ಬಹಳ ಕಡಿಮೆ ವ್ಯತ್ಯಾಸದ ಮೇಲೆ ನಿಂತಿರುವಂಥವು. ಆ ಕಡೆ ಒಂದೇ ಹೆಸರಿನ ಜೋಡಿ ಊರುಗಳಿಗೆ ಬುದ್ರುಕ್, ಖುರ್ದ್ ಎಂದು ಸೇರಿಸುತ್ತಾರೆ, ಒಂದು ದೊಡ್ಡದು, ಒಂದು ಚಿಕ್ಕದು. ಬರೆಯುವಾಗ ಬಿ.ಕೆ., ಕೆ.ಎಚ್. ಅಷ್ಟೇ. ಬೆಳಗಾವಿಯ ಪಕ್ಕದ ಕಂಗ್ರಾಳಿ ಬಿ.ಕೆ. ಮತ್ತು ಕಂಗ್ರಾಳಿ ಕೆ.ಎಚ್. ಎಷ್ಟೋ ಜನಕ್ಕೆ ಗೊತ್ತು. ಎರಡು ಊರುಗಳ ನಡುವಿನ ಬೇಲಿ ಒಂದೆರಡು ಅಕ್ಷರ. ಅದರ ಮೇಲೆ ಸಂದು ಬಂದರೆ ಬೇಲಿಯೇ ಹಾಳು.

ನಾವು ಮುಚ್ಚಲು ಹೆಣಗುವ ಈ ಚೌಕಟ್ಟುಗಳನ್ನು ಎಲ್ಲರಿಗೂ ಕಾಣುವಂತೆ ಇಟ್ಟ ಕಲಾವಿದನೊಬ್ಬನಿದ್ದ, ಸೋಲ್‌ನಲ್ಲಿ ಹುಟ್ಟಿದ ನಾಮ್ ಜೂನ್ ಪೈಕ್. 1995ರಲ್ಲಿ ಆತ 336 ಟೀವಿಗಳನ್ನು ಜೋಡಿಸಿ ಅಮೆರಿಕದ ನಕ್ಷೆ ಮಾಡಿದ. ರಾಜ್ಯಗಳ ಗಡಿಗೆ ನಿಯಾನ್ ದೀಪದ ಕೊಳವೆ, ಒಳಗೆಲ್ಲ ಬೇರೆ ಬೇರೆ ಚಿತ್ರ ಓಡಿಸುವ ಟೀವಿಗಳು. ಅಲ್ಲಿ ಟೀವಿ ಟೀವಿಯಾಗಿಯೇ ಕಾಣುತ್ತದೆ, ಒಂದೇ ಪರದೆ ಎಂಬ ಸೋಗಿಲ್ಲ. ಅದಕ್ಕೂ ಮೊದಲು, ಸೋಲ್ ಒಲಿಂಪಿಕ್ಸ್ ನಡೆದ 1988ರಲ್ಲಿ, ಕೊರಿಯಾದ ಗ್ವಾಚನ್‌ನ ಮ್ಯೂಸಿಯಮ್ಮಿನಲ್ಲಿ 1003 ಟೀವಿಗಳ ಗೋಪುರ ಕಟ್ಟಿದ್ದ. ಆ ಸಂಖ್ಯೆ ಕೊರಿಯನ್ನರ ರಾಷ್ಟ್ರ ಸ್ಥಾಪನಾ ದಿನವಾದ ಅಕ್ಟೋಬರ್ 3ರಿಂದ ಬಂದದ್ದು. ಹಳೆಯ ಕಾಲದ ಡಬ್ಬಿ ಟೀವಿಗಳು ಒಂದೊಂದಾಗಿ ಸಾಯತೊಡಗಿ 2018ರಲ್ಲಿ ಗೋಪುರವನ್ನು ಆರಿಸಬೇಕಾಯಿತು. ದುರಸ್ತಿಯಾಗಿ ಮತ್ತೆ ಬೆಳಗಿದ್ದು 2022ರಲ್ಲಿ. 737 ಹಳೆಯವನ್ನು ಉಳಿಸಿಕೊಂಡು, ಉಳಿದ 266ಕ್ಕೆ ಹೊಸ ಎಲ್‌ಸಿಡಿ ಹಾಕಿದರು. ಎರಡನ್ನೂ ನಾನು ಫೋಟೋಗಳಲ್ಲಷ್ಟೇ ನೋಡಿದ್ದೇನೆ. ನೋಡಿದಾಗಲೆಲ್ಲ ಅಸೂಯೆಯಾಗುತ್ತದೆ. ಪೈಕ್‌ನ ಗೋಡೆಯಲ್ಲಿ ಒಂದು ಟೀವಿ ಆರಿದರೆ ಅಲ್ಲೊಂದು ಕಪ್ಪು ಚೌಕ ಕಾಣುತ್ತದೆ, ಇಲ್ಲಿ ಏನೋ ಇಲ್ಲ ಎಂದು ನೋಡುವವನಿಗೆ ಗೊತ್ತಾಗುತ್ತದೆ. ನಮ್ಮ ಗೋಡೆಯ ಆರು ಪಿಕ್ಸೆಲ್‌ಗಳಿಗೆ ಆ ಪ್ರಾಮಾಣಿಕತೆ ಇಲ್ಲ.

ಸಾಹೇಬರ ಮುಂದೆ ಎರಡೂ ರೀತಿ ತೋರಿಸಿದೆ. ತಿದ್ದುಪಡಿ ತೆಗೆದಾಗ ಚುಕ್ಕೆಗಳು, ಒತ್ತುಗಳು ಎಲ್ಲ ವಾಪಸು ಬಂದವು, ಆದರೆ ಹೊಳೆ ಸಂದು ಸಂದಿಗೂ ಎಡವಿತು. "ಹೊಳಿ ಮುರದಂಗ ಕಾಣತೈತಲ್ರೀ" ಅಂದರು. ಅವರ ಆಸೆಯನ್ನು ನಾನು ತಮಾಷೆ ಮಾಡುವುದಿಲ್ಲ. ಉದ್ಘಾಟನೆಗೆ ಬರುವವರು ಐದು ನಿಮಿಷ ನಿಂತು ನೋಡುತ್ತಾರೆ, ಆ ಐದು ನಿಮಿಷದಲ್ಲಿ ಮುಂದಿನ ವರ್ಷದ ಅನುದಾನ ಇರುತ್ತದೆ. ಆದರೆ ಐದು ನಿಮಿಷ ನೋಡುವವರಿಗೂ ಎಂಟು ತಾಸು ನೋಡುವವರಿಗೂ ಒಂದೇ ಗೋಡೆ. ಆ ಪ್ರೊಸೆಸರ್‌ನಲ್ಲಿ ತಿದ್ದುಪಡಿ ಹಾಕಿದರೆ ಇಡೀ ಗೋಡೆಗೆ, ತೆಗೆದರೆ ಇಡೀ ಗೋಡೆಗೆ. ನಕ್ಷೆಗೊಂದು, ಕೋಷ್ಟಕಕ್ಕೊಂದು ಎಂದು ಬೇರೆ ಬೇರೆ ಕೊಡಲು ಬರುತ್ತಿರಲಿಲ್ಲ.

ಕೊನೆಗೆ ಆದದ್ದು ಹೀಗೆ. ಎಡಗಡೆಯ ಎರಡು ಕಂಬಸಾಲು, ಆರು ಪ್ಯಾನೆಲ್, ನಕ್ಷೆಗೆ. ಬಲಗಡೆಯ ಮೂರು ಪ್ಯಾನೆಲ್ ಅಂಕಿಗಳಿಗೆ, ಒಂದೊಂದು ಕೋಷ್ಟಕ ಒಂದೊಂದು ಪ್ಯಾನೆಲ್‌ನ ಒಳಗೇ ಕೂರಬೇಕು, ಅಂಚು ದಾಟಕೂಡದು. ಕೋಷ್ಟಕದ ಕಿಟಕಿಯನ್ನು ಯಾರಾದರೂ ಎಳೆದರೂ ಅದು ಮತ್ತೆ ಪ್ಯಾನೆಲ್‌ನ ಅಂಚಿಗೇ ಹೋಗಿ ಅಂಟುವಂತೆ ಬೀಗ ಹಾಕಿದೆವು. ನಕ್ಷೆ ಚಿಕ್ಕದಾಯಿತು, ಹೊಳೆ ನೆಟ್ಟಗೆ ಉಳಿಯಿತು. ಸಾಹೇಬರು ಅರೆಮನಸ್ಸಿನಲ್ಲಿ ಒಪ್ಪಿ, ಉದ್ಘಾಟನೆಯ ದಿನ ಮಾತ್ರ ಒಂಬತ್ತರ ಮೇಲೂ ನಕ್ಷೆ ಹಾಕಿಸಿದರು. ಮರುದಿನ ಅವರ ಎದುರಿಗೇ ಹಳೆಯ ಜೋಡಣೆಗೆ ತಂದೆವು.

ಊರ ಹೆಸರುಗಳದ್ದು ಮಾತ್ರ ಹಾಗೆ ಬಗೆಹರಿಯುವಂಥದ್ದಲ್ಲ. ರಾತ್ರಿ ನೋಡುವ ಮಾಮೂಲಿ ಅಳತೆಯಲ್ಲಿ ಸಂದಿನ ಮೇಲೆ ಬೀಳುತ್ತಿದ್ದ ಹೆಸರುಗಳನ್ನು ಎಂಜಿನಿಯರ್ ಒಂದೊಂದಾಗಿ ಮೇಲಕ್ಕೋ ಕೆಳಕ್ಕೋ ಸರಿಸಿಕೊಟ್ಟರು, ಒಂದು ಮಧ್ಯಾಹ್ನ ಪೂರ್ತಿ ಅದೇ ಕೆಲಸ. ಆದರೆ ನಕ್ಷೆಯನ್ನು ಹಿಗ್ಗಿಸಿದ ಕೂಡಲೇ ಎಲ್ಲವೂ ಜಾಗ ಬದಲಿಸುತ್ತವೆ, ಬೇರೆ ಯಾವುದೋ ಹಳ್ಳಿ ಹೋಗಿ ಸಂದಿನಲ್ಲಿ ಕೂರುತ್ತದೆ. ನೀರು ಏರಿದಾಗ ಎಲ್ಲರೂ ಮೊದಲು ಮಾಡುವುದು ನಕ್ಷೆ ಹಿಗ್ಗಿಸುವುದನ್ನೇ.

ಮಳೆಗಾಲದ ನಡುವೆ ಮಂಕಾದ ಪ್ಯಾನೆಲ್ ಒಂದನ್ನು ಬದಲಾಯಿಸಲು ಅಲ್ಲಿಗೆ ಹೋಗಿದ್ದೆ. ಹೊಸದನ್ನು ಬಲಗಡೆಯ ಕೆಳಮೂಲೆಗೆ ಹಾಕಿ ಬಣ್ಣ ಹೊಂದಿಸುವಷ್ಟರಲ್ಲಿ ಕತ್ತಲಾಗಿ ರಾತ್ರಿ ಪಾಳಿ ಶುರುವಾಯಿತು. ಅವರು ಬಂದು ಕೂತರು. ಎಲ್ಲಿಂದಲೋ ಫೋನು ಬಂತು. ನಕ್ಷೆ ಹಿಗ್ಗಿಸಿದರು. ಊರ ಹೆಸರು ಓದುವ ಮೊದಲು ಕೀಲಿಮಣೆಯ ಮೇಲ್ಬಾಣದ ಗುಂಡಿಯನ್ನು ಒಂದು ಸಲ, ಪಕ್ಕದ ಬಾಣದ ಗುಂಡಿಯನ್ನು ಒಂದು ಸಲ ಒತ್ತಿದರು. ಇಡೀ ಜಿಲ್ಲೆ ಹೆಬ್ಬೆಟ್ಟಿನಷ್ಟು ಜರುಗಿ ನಿಂತಿತು. ಆಮೇಲೆ ಫೋನಿನಲ್ಲಿ ಹೆಸರು ಹೇಳಿದರು. ಮುಂದಿನ ಊರಿಗೂ ಹಾಗೇ ಮಾಡಿದರು, ಅದರ ಮುಂದಿನದಕ್ಕೂ. ಫೋನು ಇಟ್ಟ ಮೇಲೆ, ಇದನ್ನು ಯಾರು ಹೇಳಿಕೊಟ್ಟರು ಮೇಡಂ ಎಂದು ಕೇಳಿದೆ.

"ಯಾರ ಹೇಳ್ಕೊಡ್ತಾರ್ರಿ? ಹಿಂಗ ಒಂಚೂರ ಸರಿಸಿದ್ರ ಒಳಗ ಇದ್ದವರು ಹೊರಗ ಬರ್ತಾರ್ರಿ" ಅಂದು, ಹಗಲು ಪಾಳಿಯ ಹುಡುಗನಿಗೂ ಇದನ್ನು ಕಲಿಸಿದ್ದೇನೆ, ಆದರೆ ಅವನು ಮರೆಯುತ್ತಾನೆ ಎಂದರು. ಗೋಡೆಯ ಪಕ್ಕ ಸೆಲೋಟೇಪಿನಲ್ಲಿ ಅಂಟಿಸಿದ್ದ ಒಂದು ಚೀಟಿ ತೋರಿಸಿದರು. ಅದರಲ್ಲಿ ಕೈಬರಹದಲ್ಲಿ, ಒತ್ತುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ದಪ್ಪ ಮಾಡಿ, ಹೊಳೆ ದಂಡೆಯ ಊರುಗಳ ಹೆಸರು ಬರೆದಿತ್ತು. ನಾನು ಅದರ ಒಂದು ಮೂಲೆ ಎದ್ದಿದ್ದನ್ನು ನೋಡಿ ನನ್ನ ಚೀಲದಿಂದ ಟೇಪು ತೆಗೆದು ಮತ್ತೆ ಅಂಟಿಸಿದೆ.